ಒನ್ ಪೀಸ್ ವರ್ಷಕ್ಕ 26 ಕಂತಾದ್ರ ಕಥಿ ತಾನಾಗೇ ಬಿಗಿ ಆಗ್ತದೇನು?

ತೊಗರಿಕಣಜ, ಕಲಬುರಗಿ

ನಮಸ್ಕಾರ್ರಿ. 1999ರ ಅಕ್ಟೋಬರದಿಂದ ವಾರ ವಾರ ಬರ್ತಿದ್ದ ಒನ್ ಪೀಸ್ ಅನಿಮೆ (ಕಡಲಗಳ್ಳರ ಕಥಿ ಹೇಳೋ ಜಪಾನಿ ಕಾರ್ಟೂನ್ ಧಾರಾವಾಹಿ) 2026ರಿಂದ ವರ್ಷಕ್ಕ ಹೆಚ್ಚಂದ್ರ 26 ಕಂತು ಅಂತ ಆಗ್ಯಾದ. ಎರಡು ಭಾಗ, ನಡುವ ಬಿಡುವು. ಕೇಳಿದವರೆಲ್ಲ ‘ಇನ್ನ ಎಳ್ಯಾಟ ಮುಗೀತು’ ಅನ್ಲಿಕತ್ತಾರ. ನನಗ ಅಷ್ಟು ಸರಳ ಕಾಣವಲ್ದು. ಬಿಡುವು ಸಿಕ್ರ ಚಿತ್ರ ಚಂದ ಆಗ್ತಾವ, ಖರೆ. ಬರವಣಿಗಿ ಹ್ಯಾಂಗ ತಾನೇ ಸುಧಾರಿಸ್ತದ? ಸಾವಿರ ಕಂತು ದಾಟಿದ ಕಥಿಯಾಗ ಸ್ಕ್ರಿಪ್ಟ್ ಬರಿಯವ್ರು ಎಲ್ಲಿ ಕೈ ಹಾಕಬೇಕು? ಮೂಲ ಮಾಂಗಾದ (ಜಪಾನಿ ಚಿತ್ರಕಥಿಯ) ಘಟನಾ ಬದಲಿಸೋ ಹಕ್ಕು ಅವರಿಗಿಲ್ಲ, ಅದನ್ನ ಲಕ್ಷ್ಯದಾಗ ಇಟ್ಟು ಹೇಳ್ರಿ. ‘ಫಿಲ್ಲರ್ (ಮಾಂಗಾದಾಗ ಇಲ್ಲದ, ತುಂಬಲಿಕ್ಕ ಹಾಕಿದ ಕಥಿ) ತೆಗೀರಿ’ ಅನ್ನೋದು ಗೊತ್ತಿದ್ದ ಮಾತು. ಅದರ ಮುಂದಿಂದು ಬೇಕು.

ಬುರುಜಿನಮೇಲೆ, ಬೀದರ್

ಮೊದಲು ನಿಮಿಷದ ಲೆಕ್ಕ ಹಾಕೋಣ. ಒಂದು ಕಂತು ಸುಮಾರು 24 ನಿಮಿಷ. ಡ್ರೆಸ್‌ರೋಸಾ ಎಂಬ ಕಥಾಭಾಗದ ಕಾಲದಲ್ಲಿ ಶುರುವಿನ ಹಾಡಿಗೇ ಎರಡೂವರೆ ನಿಮಿಷ ಹೋಗುತ್ತಿತ್ತು. ಹಿಂದಿನ ಕಥೆ ನೆನಪಿಸಲು ಎರಡು ಮೂರು ನಿಮಿಷ, ಕೊನೆಗೆ ಮುಂದಿನ ಕಂತಿನ ತುಣುಕಿಗೆ ಅರ್ಧ ನಿಮಿಷ. ಉಳಿಯುವುದು 18. ವಾರಪತ್ರಿಕೆಯ ಒಂದು ಅಧ್ಯಾಯ ಹೆಚ್ಚುಕಡಿಮೆ 17 ಪುಟ. ಅಂದರೆ ಅಧ್ಯಾಯಕ್ಕೊಂದು ಕಂತು ಅಂತ ಹೊರಟರೆ ಪುಟಕ್ಕೆ ಒಂದು ನಿಮಿಷ ಬಿತ್ತು. ಓದುವವರು ಹತ್ತು ಹದಿನೈದು ಸೆಕೆಂಡಿನಲ್ಲಿ ತಿರುವಿಹಾಕುವ ಹೊಡೆದಾಟದ ಪುಟವನ್ನು ತೆರೆಯ ಮೇಲೆ ಅರವತ್ತು ಸೆಕೆಂಡು ನಿಲ್ಲಿಸಬೇಕು.

ಇದೇ ಸರಣಿಯೊಳಗೆ ಹೋಲಿಸಿ. ಆರ್ಲಾಂಗ್ ಪಾರ್ಕ್ ಭಾಗ 69ರಿಂದ 95ರವರೆಗೆ 27 ಅಧ್ಯಾಯ, ಅದನ್ನು 14 ಕಂತಿನಲ್ಲಿ ಮುಗಿಸಿದರು. ಡ್ರೆಸ್‌ರೋಸಾ 700ರಿಂದ 801, ಒಟ್ಟು 102 ಅಧ್ಯಾಯ, ತೆಗೆದುಕೊಂಡದ್ದು 118 ಕಂತು. ಅಲ್ಲಿ ಕಂತಿಗೆ ಎರಡು ಅಧ್ಯಾಯದಷ್ಟು ಸರಕು, ಇಲ್ಲಿ ಒಂದು ಪೂರ್ತಿ ಅಧ್ಯಾಯವೂ ಇಲ್ಲ. ಮಾಂಗಾ ವಾರಕ್ಕೊಂದು, ಅನಿಮೆಯೂ ವಾರಕ್ಕೊಂದು. ಮಾಂಗಾಕ್ಕೆ ಆಗಾಗ ರಜೆ ಇರುತ್ತದೆ, ಟೀವಿಯ ವೇಳೆಗೆ ಅಷ್ಟು ರಜೆ ಇರಲಿಲ್ಲ.

ಆ ಹೆಚ್ಚುವರಿ ನಿಮಿಷ ಎಲ್ಲಿ ಅಡಗಿ ಕೂತಿದೆ ಅಂದರೆ, ಬಹುಪಾಲು ಮುಖಗಳಲ್ಲಿ. ಒಬ್ಬ ಗುದ್ದುತ್ತಾನೆ, ಗೋಡೆ ಒಡೆಯುತ್ತದೆ. ಆಮೇಲೆ ಗೆಳೆಯನ ಕಣ್ಣು, ವೈರಿಯ ಹುಬ್ಬು, ‘ಏನು!’ ಎನ್ನುವ ಸೈನಿಕರ ಸಾಲು, ದೂರದ ಗುಡ್ಡದಲ್ಲಿ ನಿಂತು ಬೆವರುವವನು, ಮತ್ತೆ ಅದೇ ಗುದ್ದು ಇನ್ನೊಂದು ಕೋನದಿಂದ. ಮುಖಕ್ಕೆ ನಾಲ್ಕು ಸೆಕೆಂಡು ಹಿಡಿದರೂ ಎಂಟು ಮುಖಕ್ಕೆ ಅರ್ಧ ನಿಮಿಷ. ಇಂಥ ಹತ್ತು ಜಾಗ ಇದ್ದರೆ ಐದು ನಿಮಿಷ ಹಾಗೇ ಹೋಯಿತು. ಸ್ಕ್ರಿಪ್ಟಿನಲ್ಲೇ ಒಂದು ಕಟ್ಟಳೆ ಇರಲಿ: ಆ ಮುಖ ಈಗ ಹೊಸದೇನೋ ತಿಳಿದುಕೊಂಡಿರಬೇಕು, ಅಥವಾ ಇದನ್ನು ನೋಡಿ ಮುಂದೆ ಏನಾದರೂ ಮಾಡಬೇಕು. ಎರಡೂ ಅಲ್ಲದಿದ್ದರೆ ತೆಗೆಯಿರಿ. ಸ್ಟೋರಿಬೋರ್ಡ್ (ದೃಶ್ಯಗಳನ್ನು ಚಿತ್ರವಾಗಿ ಬಿಡಿಸಿಕೊಳ್ಳುವ) ಹಂತಕ್ಕೆ ಬಿಟ್ಟರೆ ಆಗಲೇ ತಡ. ಅಲ್ಲಿ ನಿರ್ದೇಶಕರ ಮುಂದಿರುವುದು ‘ಇನ್ನೂ ನಾಲ್ಕು ನಿಮಿಷ ತುಂಬಬೇಕು’ ಎಂಬ ಪ್ರಶ್ನೆ ಮಾತ್ರ.

ಮಲಗಿದಬುದ್ಧ, ಶಹಾಪುರ

ಅಣ್ಣಾವ್ರ ಲೆಕ್ಕ ಬರೋಬ್ಬರಿ ಅದ. ಆದ್ರ ನಿಮಿಷ ಉಳಿಸಿದ ಮ್ಯಾಲೂ ಒಂದು ರೋಗ ಉಳೀತದ: ಕಂತು ಎಲ್ಲಿ ಮುರೀಬೇಕು ಅನ್ನೋದು.

ಮಾಂಗಾದ ಅಧ್ಯಾಯ ಕಡೀ ಪುಟದಾಗ ಒಂದು ಧಕ್ಕಿ ಕೊಟ್ಟು ನಿಲ್ತದ. ಬಾಗಿಲು ತೆರೀತದ, ಯಾರೋ ನಿಂತಾರ, ಮುಗೀತು. ವಾರಪತ್ರಿಕಿಗೆ ಅದು ಸರಿ, ಮುಂದಿನ ವಾರ ಮತ್ತ ಕೊಳ್ಳಬೇಕಲ. ಅನಿಮೆನೂ ಅಲ್ಲೇ ನಿಂತ್ರ ಆ ಬಾಗಿಲನ್ನ ನಾವು ಮೂರು ಸಲ ನೋಡ್ತೀವಿ. ಈ ಕಂತಿನ ಕಡೀಕ ಒಮ್ಮಿ, ಮುಂದಿನ ಕಂತಿನ ‘ಹಿಂದಿನ ಕಥಿ’ಯಾಗ ಒಮ್ಮಿ, ಖರೆ ಕಥಿ ಸುರು ಆದಾಗ ಮತ್ತೊಮ್ಮಿ. ಮೂರನೇ ಸಲ ತೆರದಾಗ ಎದಿ ಬಡಕೊಳ್ಳಂಗಿಲ್ಲ.

ನಮ್ಮ ಕಡಿ ಶ್ರಾವಣದಾಗ ತಿಂಗಳಗಟ್ಲೆ ಪುರಾಣ ನಡೀತದ. ಅದೂ ಧಾರಾವಾಹಿನೇ. ಪುರಾಣ ಹೇಳವ್ರು ಅವತ್ತಿನ ಉಪಕಥಿ ಅವತ್ತೇ ಮುಗಿಸಿ ಮಂಗಳಾರತಿ ಮಾಡ್ತಾರ, ದೊಡ್ಡ ಗಂಟು ಮಾತ್ರ ಬಿಚ್ಚಂಗಿಲ್ಲ. ಮರುದಿನ ‘ನಿನ್ನೆ ಇಲ್ಲಿತನ ಬಂದಿದ್ವಿ’ ಅಂತ ಎರಡು ಮಾತು, ಮುಂದ ನಡೀತು. ಅನಿಮೆ ಕಂತಿಗೂ ಇದೇ ಬೇಕು. ಪ್ರತಿ ಕಂತಿಗೂ ಒಂದು ಸಣ್ಣ ಪ್ರಶ್ನಾ ಬರಕೋರಿ, ಉದಾಹರಣಿಗೆ ‘ಈಕಿ ಇವರನ್ನ ನಂಬ್ತಾಳೋ ಇಲ್ಲೋ’. 18 ನಿಮಿಷದಾಗ ಅದಕ್ಕ ಉತ್ತರ ಸಿಗಲೇಬೇಕು. ‘ಯಾರು ಗೆಲ್ತಾರ’ ಅನ್ನೋ ದೊಡ್ಡ ಪ್ರಶ್ನಾ ತೆರದೇ ಇರಲಿ.

ಮುಗಿಸೋ ಜಾಗ ಧಕ್ಕಿ ಮ್ಯಾಲ ಅಲ್ಲ, ನಿರ್ಧಾರದ ಮ್ಯಾಲ. ಆರ್ಲಾಂಗ್ ಪಾರ್ಕಿನಾಗ ಹಡಗಿಗೆ ದಾರಿ ತೋರ್ಸೋ ನಾಮಿ ತನ್ನ ಭುಜದ ಮ್ಯಾಲಿನ ವೈರಿ ಆರ್ಲಾಂಗನ ಹಚ್ಚಿಗೆ ತಾನೇ ಚೂರಿ ಇರಕೋತಾಳ. ನಾಯಕ ಲೂಫಿ ಕೈ ಹಿಡೀತಾನ. ಆಕಿ ಮೊದಲ ಸಲ ‘ಸಹಾಯ ಮಾಡು’ ಅಂತಾಳ. ಅವ ಯಾರಿಗೂ ಮುಟ್ಟಗೊಡದ ಹುಲ್ಲಿನ ಟೊಪ್ಪಿಗಿ ತೆಗದು ಆಕಿ ತಲಿ ಮ್ಯಾಲ ಇಡ್ತಾನ, ನಾಕು ಮಂದಿ ನಡಕೋತ ಹೊಂಡ್ತಾರ. ಒಂದು ಏಟೂ ಇನ್ನೂ ಬಿದ್ದಿಲ್ಲ ನೋಡ್ರಿ. ಮುಂದೇನು ಅಂತ ಗೊತ್ತಿದ್ರೂ ಕಾಯ್ತೀವಿ. ಇಂಥ ಜಾಗ ಅಧ್ಯಾಯದ ನಡುವ ಬಂದ್ರ ನಡುವೇ ಮುರೀಬೇಕು. ಒಂದೂವರಿ ಅಧ್ಯಾಯ, ಎರಡೂ ಕಾಲು ಅಧ್ಯಾಯ, ಹ್ಯಾಂಗ ಬರ್ತದೋ ಹಂಗ. ಘಟನಾ ಒಂದೂ ಬದಲಾಗಂಗಿಲ್ಲ, ಕತ್ತರಿ ಬೀಳೋ ಜಾಗ ಅಷ್ಟೇ ಬದಲಾಗ್ತದ.

ಕಾರಂಜಾಕಾಲುವೆ, ಭಾಲ್ಕಿ

ಕತ್ತರಿ ಹಿಡಿಯುವ ಮುನ್ನ ಬೇರೆ ಅನಿಮೆಗಳಿಂದ ಒಂದು ಮಾತು. ಡ್ರ್ಯಾಗನ್ ಬಾಲ್ ಝಡ್‌ನ ಮೊದಲ 194 ಕಂತುಗಳನ್ನು 2009ರಲ್ಲಿ ಶುರುವಾದ ‘ಕೈ’ ಆವೃತ್ತಿ 98ಕ್ಕೆ ಇಳಿಸಿತು. ನಾಮೆಕ್ ಗ್ರಹ ‘ಐದು ನಿಮಿಷದಲ್ಲಿ ಸಿಡಿಯುತ್ತದೆ’ ಎಂದ ಮೇಲೂ ಹಲವು ಕಂತು ಎಳೆದದ್ದು ಕಡಿಮೆಯಾಯಿತು, ಬಹಳ ಒಳ್ಳೆಯದಾಯಿತು. ಆದರೆ ಅದೇ ಕತ್ತರಿಗೆ 125ನೇ ಕಂತೂ ಸಿಕ್ಕಿತು. ಗೋಕು, ಪಿಕೊಲೊ ಇಬ್ಬರೂ ಡ್ರೈವಿಂಗ್ ಲೈಸೆನ್ಸಿಗೆ ಹೋಗುವ ಕಂತು ಅದು. ಮಾಂಗಾದಲ್ಲಿ ಇಲ್ಲ, ಕಥೆ ಒಂದಿಂಚೂ ಮುಂದೆ ಸಾಗುವುದಿಲ್ಲ. ಆದರೂ ಒಂದು ಕಾಲದ ವೈರಿಗಳು ಹೊಡೆದಾಟವಿಲ್ಲದ ದಿನ ಹೇಗಿರುತ್ತಾರೆ ಎಂದು ಅಲ್ಲಿ ಕಾಣುತ್ತದೆ. ಬೇಳೆಗೆ ನೀರು ಹೊಯ್ದು ಹೆಚ್ಚಿಸುವುದು ಬೇರೆ, ಒಗ್ಗರಣೆ ಬೇರೆ. ಮಾಂಗಾದಲ್ಲಿ ಇದೆಯೋ ಇಲ್ಲವೋ ಎಂಬ ಒಂದೇ ಅಳತೆ ಹಿಡಿದರೆ ಎರಡೂ ಒಂದೇ ಸಲ ಹೋಗುತ್ತವೆ.

ಫಿಲ್ಲರ್ ಕೆಡುವುದು ಇಟ್ಟ ಜಾಗದಿಂದ ಎಂಬುದಕ್ಕೆ ಬ್ಲೀಚ್ ನೋಡಿ. ಅದರ ಖಳ ಐಝೆನ್ ಎಲ್ಲರಿಗೂ ಮೋಸ ಮಾಡಿ ಆಕಾಶಕ್ಕೆ ಏರಿ ಹೋಗುತ್ತಾನೆ. ಪ್ರಶ್ನೆ ಇನ್ನೂ ಬಿಸಿ ಇದೆ. 64ನೇ ಕಂತಿನಿಂದ ಬೌಂಟ್ ಎಂಬ ಬೇರೆಯೇ ಪಂಗಡ ಬಂದು 40ಕ್ಕೂ ಹೆಚ್ಚು ಕಂತು ನುಂಗಿತು. ಐಝೆನ್ ಎತ್ತ ಹೋದ ಎಂಬ ಮಾತೇ ಹಿಂದೆ ಬಿತ್ತು.

ಒನ್ ಪೀಸ್‌ನದೇ ಜಿ-8 ಭಾಗ, 196ರಿಂದ 206, ಬರೀ 11 ಕಂತು. ಆಕಾಶದ್ವೀಪದ ಕಥಾಭಾಗ ಸ್ಕೈಪಿಯಾ ಮುಗಿದ ಮೇಲೆ ಬಂತು, ಅಂದರೆ ತುಂಡಾಗಲು ಯಾವ ಎಳೆಯೂ ಉಳಿದಿರಲಿಲ್ಲ. ಆಕಾಶದಿಂದ ಇಳಿದ ಹಡಗು ನೇರ ನೌಕಾಪಡೆಯ ಕೋಟೆಯೊಳಗೆ ಬೀಳುತ್ತದೆ. ಜಾಗ ಒಂದೇ, ಗುರಿ ಒಂದೇ: ಹಡಗನ್ನೂ ಚಿನ್ನವನ್ನೂ ತೆಗೆದುಕೊಂಡು ಹೊರಬೀಳಬೇಕು. ಹಡಗಿನ ಅಡುಗೆಯವ ಸಾಂಜಿ ಕೋಟೆಯ ಅಡುಗೆಮನೆಯಲ್ಲಿ ಸಿಕ್ಕಿಕೊಳ್ಳುತ್ತಾನೆ, ವೈದ್ಯ ಚಾಪರ್ ಆಸ್ಪತ್ರೆಯಲ್ಲಿ. ಅವರವರ ಕಸುಬೇ ಕಥೆಯಾಗುತ್ತದೆ. ಎದುರಾಳಿ ಜೊನಾಥನ್ ಬುದ್ಧಿಯಿಂದ ಆಡುವವನು, ಹಾಗಾಗಿ ಯಾರ ಶಕ್ತಿಯನ್ನೂ ಕೃತಕವಾಗಿ ಕುಗ್ಗಿಸಬೇಕಾಗಲಿಲ್ಲ. ಹೊಸ ಕಥೆ ಬರೆಯಲೇಬೇಕಾದರೆ ಇದನ್ನೇ ಮಾದರಿ ಇಟ್ಟುಕೊಳ್ಳಿ.

ತೊಗರಿಕಣಜ, ಕಲಬುರಗಿ

ಭಾಳ ಉಪಕಾರ ಆಯ್ತು ಎಲ್ಲಾರದೂ. ಒಂದು ಉಳೀತು. 13 ಕಂತಿನ ಒಂದು ಭಾಗ ಅಂತ ಹಿಡೀರಿ. ಹಡಗಿನಾಗೇ ಹತ್ತು ಮಂದಿ ಅದಾರ, ಹೊಸ ಊರಿನವ್ರು ಬ್ಯಾರೆ. ಯಾರಿಗೆ ಎಷ್ಟು ಹಂಚಬೇಕು? ಎಲ್ಲಾರಿಗೂ ಒಂದೊಂದು ಮಾತು ಕೊಟ್ಟು ಯಾರದೂ ಕಥಿ ಇಲ್ಲದಂಗ ಆಗ್ತದ.

ಬುರುಜಿನಮೇಲೆ, ಬೀದರ್

ಜಪಾನಿನಲ್ಲಿ ಇದಕ್ಕೇ ‘ಶಿರೀಝು ಕೋಸೇ’ ಅಂತ ಪ್ರತ್ಯೇಕ ಕೆಲಸ ಇದೆ. ಕಂತುಕಂತಿನ ಬರಹಗಾರರು ಬೇರೆ ಬೇರೆ ಇದ್ದರೂ ಒಟ್ಟು ಕಥೆಯ ಹಂಚಿಕೆ ಆ ಒಬ್ಬರದು. ಅವರು ಮಾಡಬಹುದಾದದ್ದು ಹೀಗೆ. ಆ ಭಾಗದ ದೃಶ್ಯಕ್ಕೊಂದು ಚೀಟಿ ಬರೆಯಬೇಕು. ಚೀಟಿಯಲ್ಲಿ ಮೂರೇ ಸಾಲು: ಯಾರಿಗೆ ಏನು ಬೇಕು, ಯಾರು ಅಡ್ಡ ಬಂದರು, ಕೊನೆಗೆ ಏನು ಬದಲಾಯಿತು. ಮೂರನೇ ಸಾಲು ಖಾಲಿ ಉಳಿದ ಚೀಟಿಗಳನ್ನು ಪಕ್ಕಕ್ಕಿಡಿ. ಅವುಗಳಲ್ಲಿ ಭಾಲ್ಕಿಯವರು ಹೇಳಿದ ಒಗ್ಗರಣೆ ಒಂದೆರಡು ಇರಬಹುದು, ಅವನ್ನು ದೊಡ್ಡ ಹೊಡೆದಾಟ ಮುಗಿದ ಬೆನ್ನಿಗೆ ಹಾಕಿ. ಉಳಿದವು ಬೇಡ.

ಹತ್ತು ಜನರಲ್ಲಿ ಈ ಊರಿನ ಸಂಕಟ ತಟ್ಟುವ ಮೂವರನ್ನು ಆರಿಸಿ. ಒಬ್ಬೊಬ್ಬರಿಗೆ ಮೂರು ಕಂತು ಮುಖ್ಯವಾಗಿ ಬರಲಿ, ಉಳಿದ ನಾಲ್ಕು ಕಂತು ಎಲ್ಲರೂ ಸೇರುವಲ್ಲಿಗೆ. ಮಿಕ್ಕ ಏಳು ಜನ ಕಾಣಿಸಿಕೊಂಡಾಗ ಕೈಯಲ್ಲಿ ಕೆಲಸ ಇರಲಿ, ಸುಮ್ಮನೆ ನಿಂತು ಬೆರಗಾಗುವುದು ಬೇಡ. ಹಿನ್ನೆನಪು ಇದ್ದರೆ ಒಂದೇ ಕಂತಿನಲ್ಲಿ, ಅದೂ ಆ ವ್ಯಕ್ತಿ ನಿರ್ಧಾರ ಮಾಡುವ ಸ್ವಲ್ಪ ಮುಂಚೆ. ಐದು ಕಂತಿಗೆ ಚೂರುಚೂರು ಹಂಚಿದರೆ ಅಳು ಬರಬೇಕಾದ ಕಡೆ ಬರೀ ಮಾಹಿತಿ ಉಳಿಯುತ್ತದೆ.

ಮಲಗಿದಬುದ್ಧ, ಶಹಾಪುರ

ಅದಕ್ಕ ಒಂದು ಸೇರಸ್ತೀನಿ. ಆ ಚೀಟಿಗುಳ ಹಿಂದ ಯಾರಿಗೆ ಗಾಯ ಎಲ್ಲಿ ಆಗ್ಯಾದ, ಯಾರಿಗೆ ಯಾವ ಗುಟ್ಟು ಗೊತ್ತದ ಅಂತನೂ ಬರೀಬೇಕು. ಎರಡು ಭಾಗದ ನಡುವ ತಿಂಗಳಗಟ್ಲೆ ಬಿಡುವು ಬೀಳ್ತದ, ಬರಿಯವ್ರೂ ಬದಲಾಗಬಹುದು. ಹೋದ ಭಾಗದಾಗ ಕೈ ಮುರದವ ಈ ಭಾಗದ ಮೊದಲ ಕಂತಿನಾಗ ಅದೇ ಕೈಲೆ ಕತ್ತಿ ಎತ್ತಿದ್ರ, ನೋಡವ್ರು ಆಮ್ಯಾಲ ಯಾವ ಗಾಯಕ್ಕೂ ಅಂಜಂಗಿಲ್ಲ.