ಸಹಾಯ ಬೇಕು: 17ಕ್ಕೆ ಆಗುವುದು 13ಕ್ಕೆ ಯಾಕೆ ಆಗುತ್ತಿಲ್ಲ?

ನಮಸ್ಕಾರ. ನಮ್ಮದು ಶಿರಸಿ. ಮೂರು ದಿನದಿಂದ ಬಿಡದೆ ಮಳೆ, ಕರೆಂಟೂ ಇಲ್ಲ. ಒಂಬತ್ತನೇ ಕ್ಲಾಸಿನ ಮಗಳ ಜೊತೆ ಸುಮ್ನೆ ಲೆಕ್ಕ ಮಾಡುತ್ತಾ ಕೂತವನು ಈಗ ಸಿಕ್ಕಿಬಿದ್ದಿದ್ದೇನೆ.

1ನ್ನು 17ರಿಂದ ಭಾಗಿಸಿದರೆ ದಶಾಂಶ ಬಿಂದುವಿನ ನಂತರ 0588235294117647 ಎಂಬ 16 ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಇದನ್ನು 2ರಿಂದ ಗುಣಿಸಿ ನೋಡಿ: 1176470588235294. ಅವೇ ಅಂಕಿ, ಅದೇ ಸಾಲು, ಶುರುವಾಗುವ ಜಾಗ ಮಾತ್ರ ಬೇರೆ! 16ರವರೆಗೂ ಹೀಗೇ. 17ರಿಂದ ಗುಣಿಸಿದರೆ ಬರೀ 9ಗಳ ಸಾಲು. (ಮೊಬೈಲ್ ಕ್ಯಾಲ್ಕುಲೇಟರ್ ಇಷ್ಟು ಅಂಕಿ ತೋರಿಸಲಿಲ್ಲ. ಅಡಿಕೆ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಕೈಯಲ್ಲೇ ಮಾಡಿದೆವು.)

13ಕ್ಕೆ ಬಂದಾಗ ಕೈಕೊಟ್ಟಿತು. 1ನ್ನು 13ರಿಂದ ಭಾಗಿಸಿದರೆ ಮತ್ತೆ ಮತ್ತೆ ಬರುವ 076923ನ್ನು 3ರಿಂದ ಗುಣಿಸಿದರೆ 230769, ಸರಿ. 2ರಿಂದ ಗುಣಿಸಿದರೆ 153846, ಬೇರೆಯೇ ಸಾಲು. ಭಾಗಿಸುವಾಗ ಪ್ರತಿ ಹೆಜ್ಜೆಯಲ್ಲಿ ಉಳಿಯುವ ಶೇಷಗಳನ್ನು ಬರೆದು ನೋಡಿದೆವು. 17ಕ್ಕೆ 1ರಿಂದ 16ರವರೆಗಿನ ಎಲ್ಲವೂ ಬರುತ್ತವೆ. 13ಕ್ಕೆ 1, 10, 9, 12, 3, 4, ಮತ್ತೆ 1. 2 ಬರುವುದೇ ಇಲ್ಲ! 7, 19, 23 ಕೂಡ 17ರ ಹಾಗೆಯೇ. 11, 13 ಮಾತ್ರ ಹಾಗಲ್ಲ. ಎಲ್ಲವೂ ಅವಿಭಾಜ್ಯ ಸಂಖ್ಯೆಗಳೇ ಅಲ್ವಾ?

ಪೂರ್ತಿ ಭಾಗಾಕಾರ ಮಾಡದೆ, ಒಂದು ಅವಿಭಾಜ್ಯ ಸಂಖ್ಯೆಗೆ ಎಲ್ಲಾ ಶೇಷಗಳೂ ಬರುತ್ತವೋ ಇಲ್ಲವೋ ಎಂದು ಮೊದಲೇ ಹೇಳಲು ದಾರಿ ಇದೆಯೇ? ಮಗಳಿಗೂ ಅರ್ಥವಾಗುವ ಹಾಗೆ ಹೇಳಿದರೆ ಉಪಕಾರ.