ಟಿ.ಬಿ. ಮಾತ್ರೆ ಜೊತೆ ನೆಲನೆಲ್ಲಿ ಕಷಾಯ ಕೊಡಬಹುದಾ?

ಪ್ರಶ್ನೆ (ಪಾಂಡವಪುರ ಕಡೆಯಿಂದ): ಮೇಡಂ, ನಮಸ್ಕಾರ. ನಮ್ಮ ಅವ್ವನಿಗೆ 58 ವರ್ಷ. ಶ್ವಾಸಕೋಶದ ಟಿ.ಬಿ. ಅಂತ ಗೊತ್ತಾಗಿ ಸರ್ಕಾರಿ ಆಸ್ಪತ್ರೆಯ ಮಾತ್ರೆ ಶುರುವಾಗಿ ಒಂದು ತಿಂಗಳಾಯಿತು. ಈ ಮಾತ್ರೆ ಲಿವರ್‌ಗೆ ಹೊಡೆಯುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ಮಾವ ಮೈಸೂರಿನ ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯಿಂದ ಒಣಗಿದ ನೆಲನೆಲ್ಲಿ, ಅಮೃತಬಳ್ಳಿ ಕಟ್ಟಿಸಿಕೊಂಡು ಬಂದಿದ್ದಾರೆ. ಇಲಿಗಳ ಮೇಲೆ ಪ್ರಯೋಗ ಮಾಡಿ ಸಾಬೀತಾಗಿದೆ ಅಂತ ವಿಡಿಯೋನೂ ಕಳಿಸಿದ್ದಾರೆ. ಕಷಾಯ ಮಾಡಿ ಕೊಡಬಹುದಾ? ಅವ್ವನಿಗೆ ಮೂತ್ರ ಕೆಂಪಗೆ ಹೋಗುತ್ತಿದೆ. ನಾಲ್ಕೈದು ದಿನದಿಂದ ಊಟನೂ ಕಮ್ಮಿ ಮಾಡಿದ್ದಾಳೆ.

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್, ಮೈಸೂರು): ನಮಸ್ಕಾರ. ಕಷಾಯದ ಮಾತು ಆಮೇಲೆ. ಊಟ ಕಮ್ಮಿಯಾಗಿದೆ ಅಂದಿರಲ್ಲ, ನನಗೆ ಅದೇ ಮುಖ್ಯ. ನಾಳೆ ಬೆಳಿಗ್ಗೆಯೇ ಮಾತ್ರೆ ಕೊಟ್ಟ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎಲ್.ಎಫ್.ಟಿ. ಅಂದರೆ ಲಿವರ್ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ ಮಾಡಿಸಿ.

ಮೂತ್ರದ ಬಣ್ಣಕ್ಕೆ ಹೆದರಬೇಡಿ. ರಿಫಾಂಪಿಸಿನ್ ಅನ್ನುವ ಔಷಧಿ ಮೂತ್ರ, ಬೆವರು, ಕಣ್ಣೀರನ್ನೂ ಕಿತ್ತಳೆ-ಕೆಂಪು ಮಾಡುತ್ತೆ, ಅದರಿಂದ ತೊಂದರೆ ಇಲ್ಲ. ನೋಡಬೇಕಾದ್ದು ಕಣ್ಣು. ಬೆಳಗಿನ ಬಿಸಿಲಲ್ಲಿ ಜಗಲಿ ಮೇಲೆ ಕೂರಿಸಿ, ಕೆಳಗೆ ನೋಡು ಅಂತ ಹೇಳಿ, ಮೇಲಿನ ರೆಪ್ಪೆ ಎತ್ತಿ ಬಿಳಿ ಭಾಗ ನೋಡಿ. ರಾತ್ರಿ ಬಲ್ಬಿನ ಬೆಳಕಲ್ಲಿ ನೋಡಿದರೆ ಹಳದಿ ತಿಳಿಯುವುದಿಲ್ಲ. ಹಳದಿ ಕಂಡರೆ, ವಾಂತಿ ಶುರುವಾದರೆ, ಬಲಪಕ್ಕೆಯ ಕೆಳಗೆ ನೋವಿದ್ದರೆ ಮುಂದಿನ ಡೋಸ್ ನುಂಗುವ ಮೊದಲೇ ಡಾಕ್ಟರಿಗೆ ತೋರಿಸಿ.

ಟಿ.ಬಿ. ಮಾತ್ರೆಯಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಲಿವರ್‌ಗೆ ತೊಂದರೆ ಕೊಡಬಲ್ಲವು. ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲೇ. ಆದರೆ ಆ ರಕ್ತಪರೀಕ್ಷೆಯಲ್ಲಿ ಎಸ್.ಜಿ.ಪಿ.ಟಿ. (ಲಿವರ್ ಜೀವಕೋಶದೊಳಗಿನ ಒಂದು ಕಿಣ್ವ) ಸ್ವಲ್ಪ ಏರಿದ ಮಾತ್ರಕ್ಕೆ ಲಿವರ್ ಹೋಯಿತು ಅಂತಲ್ಲ. ಐಸೋನಿಯಾಜಿಡ್ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 10ರಿಂದ 20 ಜನಕ್ಕೆ ಅದು ಹಾಗೆ ಏರಿ, ಮಾತ್ರೆ ನಡೆಯುತ್ತಿರುವಾಗಲೇ ತಾನಾಗಿ ಇಳಿಯುತ್ತೆ. ವಾಂತಿ, ಹೊಟ್ಟೆನೋವು, ಕಾಮಾಲೆಯಂಥ ಲಕ್ಷಣ ಇದ್ದು ಮಾಮೂಲಿ ಮಿತಿಯ ಮೂರು ಪಟ್ಟು ದಾಟಿದರೆ, ಅಥವಾ ಲಕ್ಷಣವೇ ಇಲ್ಲದೆ ಐದು ಪಟ್ಟು ದಾಟಿದರೆ ಡಾಕ್ಟರು ಔಷಧಿ ನಿಲ್ಲಿಸುತ್ತಾರೆ. ಮಿತಿ 40 ಅಂತಿದ್ದರೆ 120 ಮತ್ತು 200 ಅಂತ ಲೆಕ್ಕ. ಲಿವರ್ ಸರಿಹೋದ ಮೇಲೆ ಒಂದೊಂದೇ ಔಷಧಿ ಮತ್ತೆ ಶುರು ಮಾಡುತ್ತಾರೆ. ನೀವಾಗಿ ಮಾತ್ರೆ ಬಿಡಿಸಿಬಿಡಬೇಡಿ, ಔಷಧಿಗೆ ಬಗ್ಗದ ಟಿ.ಬಿ. ಬಂದರೆ ಇನ್ನೂ ಕಷ್ಟ.

ಈಗ ಕಷಾಯ. ಸದ್ಯಕ್ಕೆ ಕೊಡಬೇಡಿ. ಅಮೃತಬಳ್ಳಿಯನ್ನೇ ತೆಗೆದುಕೊಳ್ಳಿ. ಅರಿಶಿನ ಮತ್ತು ಅಮೃತಬಳ್ಳಿ ಕೊಟ್ಟ ಟಿ.ಬಿ. ರೋಗಿಗಳಲ್ಲಿ ಲಿವರ್ ತೊಂದರೆ ಕಮ್ಮಿ ಇತ್ತು ಅಂತ ಗುಜರಾತಿನ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿದೆ. ಅದೇ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಗಿಡ ಯಾವುದು ಅಂತ ಸರಿಯಾಗಿ ಗುರುತಿಸಿಲ್ಲ ಅಂದಿತು. ಆ ಆಕ್ಷೇಪಣೆಯಲ್ಲೂ ಹುರುಳಿದೆ, ಅದನ್ನೇ ಹೋಲುವ ಬೇರೆ ಬಳ್ಳಿ ಇದೆ. ಹಾಗಾದರೆ ನಿಮ್ಮ ಪೊಟ್ಟಣದಲ್ಲಿ ಇರುವುದು ಯಾವುದು? ಒಣಗಿ ತುಂಡಾದ ಮೇಲೆ ಅಂಗಡಿಯವರಿಗೂ ಹೇಳಲು ಕಷ್ಟ. ನೆಲನೆಲ್ಲಿ ಕತೆಯೂ ಅಷ್ಟೇ, ಅದೇ ಜಾತಿಯ ಬೇರೆ ಗಿಡಗಳು ಬೆರೆತು ಬರುತ್ತವೆ.

ನನಗೆ ಇದಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ಮುಂದಿನ ವಾರ ಎಸ್.ಜಿ.ಪಿ.ಟಿ. 250 ಬಂತು ಅನ್ನಿ. ಮಾತ್ರೆಯಿಂದ ಏರಿತಾ, ಕಷಾಯದಿಂದ ಏರಿತಾ? ಡಾಕ್ಟರಿಗೆ ಗೊತ್ತಾಗುವುದಿಲ್ಲ. ಏನೂ ತಪ್ಪು ಮಾಡದ ಒಳ್ಳೆಯ ಟಿ.ಬಿ. ಔಷಧಿಯನ್ನು ನಿಲ್ಲಿಸಬೇಕಾಗುತ್ತೆ.

ಪ್ರಶ್ನೆ (ಬಿ.ಫಾರ್ಮ್ ವಿದ್ಯಾರ್ಥಿನಿ, ಮೈಸೂರು): ಮೇಡಂ, ಹಾಗಾದರೆ ಇಲಿಗಳ ಪ್ರಯೋಗ ಸುಳ್ಳಾ? ನೆಲಬೇವು, ಗರುಗ, ಕಟುಕರೋಹಿಣಿ, ಯಾವ ಪೇಪರ್ ತೆಗೆದರೂ "ಸಿಲಿಮರಿನ್‌ಗೆ ಸಮ" (ಲಿವರ್‌ಗೆ ಬಳಸುವ ಗಿಡಮೂಲದ ಔಷಧಿ) ಅಂತಲೇ ಇರುತ್ತೆ. ನನ್ನ ಪ್ರಾಜೆಕ್ಟೂ ಇದೇ ವಿಷಯ.

ಉತ್ತರ: ಸುಳ್ಳಲ್ಲಮ್ಮಾ. ಆದರೆ ಆ ಪ್ರಯೋಗ ಯಾವ ಪ್ರಶ್ನೆ ಕೇಳುತ್ತಿದೆ ಅಂತ ನೋಡು. ಸಾಮಾನ್ಯವಾಗಿ ಒಂದು ವಾರ ಮೊದಲಿನಿಂದಲೇ ಇಲಿಗೆ ಗಿಡದ ಸಾರ ಕುಡಿಸುತ್ತಾರೆ. ಆಮೇಲೆ ಕೆ.ಜಿ. ತೂಕಕ್ಕೆ 2 ಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಕೊಡುತ್ತಾರೆ. ಲಿವರ್‌ನ ಸಿ.ವೈ.ಪಿ. 2ಇ1 ಕಿಣ್ವ ಅದರಲ್ಲಿ ಒಂದು ಪಾಲನ್ನು ನ್ಯಾಪ್‌ಕ್ವಿ ಅನ್ನುವ ವಿಷವಾಗಿ ಬದಲಿಸುತ್ತೆ. ಲಿವರ್‌ನಲ್ಲೇ ಇರುವ ಗ್ಲುಟಾಥಯೋನ್ ಅನ್ನುವ ರಕ್ಷಕ ವಸ್ತು, ತಾನಿರುವ ತನಕ ಆ ವಿಷವನ್ನು ಹಿಡಿದು ಹೊರಗೆ ಹಾಕುತ್ತೆ. ಅದು ಖಾಲಿಯಾದಾಗ ಜೀವಕೋಶ ಸಾಯುತ್ತೆ, ಎಸ್.ಜಿ.ಪಿ.ಟಿ. ರಕ್ತಕ್ಕೆ ಸೋರುತ್ತೆ.

ನಿನ್ನ ಗಿಡದ ಸಾರ ಆ ಕಿಣ್ವವನ್ನೇ ತಡೆದರೆ? ವಿಷ ಹುಟ್ಟುವುದೇ ಇಲ್ಲ, ಲಿವರ್ ಚೆನ್ನಾಗಿಯೇ ಕಾಣುತ್ತೆ. ಅದನ್ನು "ರಕ್ಷಣೆ" ಅಂತ ಬರೆದುಬಿಡುತ್ತಾರೆ. ನಿಜವಾಗಿ ನಡೆದದ್ದು ಔಷಧಿಯ ವಿಲೇವಾರಿಗೆ ಅಡ್ಡಿ. ಸಾರ ಕರಗಿಸಲು ಡಿ.ಎಂ.ಎಸ್.ಓ. ಬಳಸಿದ್ದರೆ ಇನ್ನೂ ಹುಷಾರಾಗಿರು, ಆ ದ್ರಾವಕ ಒಂದೇ ಸಾಕು ಪ್ಯಾರಾಸಿಟಮಾಲ್ ವಿಷ ತಡೆಯಲು. ಬರೀ ದ್ರಾವಕ ಮತ್ತು ಪ್ಯಾರಾಸಿಟಮಾಲ್ ಕೊಟ್ಟ ಗುಂಪು ಪ್ರಯೋಗದಲ್ಲಿದೆಯಾ ಅಂತ ಮೊದಲು ಹುಡುಕು. ನಿನ್ನ ಪ್ರಾಜೆಕ್ಟಿನಲ್ಲಿ ಇನ್ನೊಂದು ಗುಂಪು ಇಡು: ಮೊದಲು ಪ್ಯಾರಾಸಿಟಮಾಲ್, ಕೆಲವು ಗಂಟೆ ಬಿಟ್ಟು ಸಾರ. ಆಸ್ಪತ್ರೆಗೆ ಬರುವ ರೋಗಿಯ ಸ್ಥಿತಿ ಅದೇ ಅಲ್ವಾ?

ಪ್ರಮಾಣವನ್ನೂ ಲೆಕ್ಕ ಹಾಕು. ಇಲಿಗೆ ಕೆ.ಜಿ.ಗೆ 400 ಮಿ.ಗ್ರಾಂ ಸಾರ ಕೊಟ್ಟರೆ, ಇಲಿಯ ಪ್ರಮಾಣವನ್ನು ಮನುಷ್ಯನದಕ್ಕೆ ಬದಲಿಸಲು 6.2ರಿಂದ ಭಾಗಿಸುವ ಲೆಕ್ಕದಲ್ಲಿ 60 ಕೆ.ಜಿ. ಮನುಷ್ಯನಿಗೆ ದಿನಕ್ಕೆ ಸುಮಾರು 4 ಗ್ರಾಂ ಸಾರ ಬೇಕು. ಹತ್ತು ಗ್ರಾಂ ಒಣಗಿದ ಗಿಡಕ್ಕೆ ಒಂದು ಗ್ರಾಂ ಸಾರ ಅಂತ ಇಟ್ಟುಕೊಂಡರೂ 40 ಗ್ರಾಂ ಗಿಡ. ಅದೂ ಆಲ್ಕೋಹಾಲಿನಲ್ಲಿ ತೆಗೆದ ಸಾರವಾದರೆ ಅಡುಗೆಮನೆ ಕಷಾಯಕ್ಕೆ ಹೋಲಿಸಲೇ ಬಾರದು, ನೀರಿಗೆ ಇಳಿಯುವ ಅಂಶಗಳೇ ಬೇರೆ.

ಸಿಲಿಮರಿನ್ ಬಗ್ಗೆ ಒಂದು ಮಾತು. ಅಣಬೆ ವಿಷಕ್ಕೆ ಅದರ ಸಿಲಿಬಿನಿನ್ ಅಂಶವನ್ನು ರಕ್ತನಾಳಕ್ಕೆ ಕೊಡುವ ರೂಢಿ ಇದೆ. ಟಿ.ಬಿ. ಔಷಧಿ ಜೊತೆ ಮುಂಜಾಗ್ರತೆಯಾಗಿ ಕೊಟ್ಟ ಅಧ್ಯಯನಗಳಲ್ಲಿ ಮಾತ್ರ ಫಲಿತಾಂಶ ಒಂದೇ ಥರ ಬಂದಿಲ್ಲ. ಈ ವಿಷಯ ಬಿಡಬೇಡ, ಚೆನ್ನಾಗಿ ಮಾಡು. ನಮ್ಮ ಗಿಡಗಳಿಗೆ ಗಟ್ಟಿ ಪ್ರಯೋಗಗಳು ಬೇಕು.

ಪ್ರಶ್ನೆ (ಮಳವಳ್ಳಿ): ನಮ್ಮೂರಲ್ಲಿ ಕಾಮಾಲೆ ಬಂದರೆ ಅಜ್ಜಿಯೊಬ್ಬರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ಎಷ್ಟೋ ಜನ ಗುಣವಾಗಿದ್ದಾರೆ. ಅದಕ್ಕೆ ಏನಂತೀರಿ?

ಉತ್ತರ: ಆ ಅಜ್ಜಿಯ ಬಗ್ಗೆ ನನಗೆ ಗೌರವ ಇದೆ. ಆದರೆ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುತೇಕ ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ವಾಸಿಯಾಗುತ್ತೆ. ಅದರ ಜೊತೆ ಪಥ್ಯ, ವಿಶ್ರಾಂತಿ. ಮಾತ್ರೆಯಿಂದ ಬಂದ ಕಾಮಾಲೆ ಹಾಗಲ್ಲ. ಕಾರಣವಾದ ಮಾತ್ರೆ ಒಳಗೆ ಹೋಗುತ್ತಲೇ ಇದ್ದರೆ ಮಜ್ಜಿಗೆ ಔಷಧಿ ಕುಡಿದು ಕಾಯುವ ಆ ಒಂದು ವಾರವೇ ಜೀವಕ್ಕೆ ಮುಳುವಾಗಬಹುದು. ಹೆಪಟೈಟಿಸ್ ಬಿ ವೈರಸ್ಸಿಗೆ ನೆಲನೆಲ್ಲಿ ಕೆಲಸ ಮಾಡುತ್ತೆ ಅಂತ 1988ರಲ್ಲಿ ಮದ್ರಾಸಿನ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಎಲ್ಲರಿಗೂ ಆಸೆ ಹುಟ್ಟಿತ್ತು. ಬೇರೆ ಕಡೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ.

ಪ್ರಶ್ನೆ (ಮಂಡ್ಯ): ಜ್ವರಕ್ಕೆ 650ರ ಪ್ಯಾರಾಸಿಟಮಾಲ್ ಮಾತ್ರೆ ದಿನಕ್ಕೆ ಎಷ್ಟು ತಗೋಬಹುದು? ಜೊತೆಗೆ ಲಿವರ್ ಟಾನಿಕ್ ಬೇಕಾ?

ಉತ್ತರ: ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 650ರದ್ದು ಹೆಚ್ಚೆಂದರೆ ಆರು. ಕುಡಿಯುವ ಅಭ್ಯಾಸ ಇರುವವರು, ತೀರಾ ಸಣಕಲು ಇರುವವರು ಇನ್ನೂ ಕಮ್ಮಿ ತೆಗೆದುಕೊಳ್ಳಬೇಕು, ಡಾಕ್ಟರನ್ನು ಕೇಳಿ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತೆ, ಅದನ್ನೂ ಸೇರಿಸಿ ಎಣಿಸಿ. ಟಾನಿಕ್ ಬೇಡ. ಯಾರಾದರೂ ಜಾಸ್ತಿ ನುಂಗಿಬಿಟ್ಟರೆ ಸುಮ್ನೆ ಮನೆಯಲ್ಲಿ ಕಾಯಬೇಡಿ. ಮೊದಲ ದಿನ ಏನೂ ಆಗದ ಹಾಗೆ ಇರುತ್ತಾರೆ. ಅಸಿಟೈಲ್ ಸಿಸ್ಟೀನ್ ಅನ್ನುವ ಮದ್ದು 8 ಗಂಟೆಯೊಳಗೆ ಸಿಕ್ಕರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ.

ಪಾಂಡವಪುರದವರು: ಮೇಡಂ, ಟೆಸ್ಟ್ ಆಯಿತು. ಎಸ್.ಜಿ.ಪಿ.ಟಿ. 96, ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) ಮಾಮೂಲಿ. ಮಾತ್ರೆ ಮುಂದುವರಿಸಿ, ಒಂದು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸಿ ಅಂದರು. ಪೊಟ್ಟಣನೂ ತೋರಿಸಿದೆ, ಬೇಡ ಅಂದರು. ಅವ್ವ ಮೆಣಸಿನ ಸಾರು ಕೇಳುತ್ತಿದ್ದಾಳೆ. ಅದಾದರೂ ಕೊಡಬಹುದಾ?

ಉತ್ತರ: ಧಾರಾಳವಾಗಿ ಕೊಡಿ. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಏನು ಸೇರುತ್ತೋ ಅದು ಹೊಟ್ಟೆ ತುಂಬ ತಿನ್ನಲಿ. ಮೆಣಸಿನ ಪೈಪರಿನ್ ರಿಫಾಂಪಿಸಿನ್ ಜಾಸ್ತಿ ಹೀರಿಕೊಳ್ಳುವಂತೆ ಮಾಡುತ್ತೆ ಅನ್ನುವುದು ನಿಜ. ಅದನ್ನೇ ಬಳಸಿ ನಮ್ಮ ದೇಶದಲ್ಲೇ ಕಮ್ಮಿ ರಿಫಾಂಪಿಸಿನ್‌ನ ಮಾತ್ರೆಯೊಂದನ್ನು ಮಾಡಿದ್ದಾರೆ. ಸಾರಿಗೆ ಹಾಕುವ ನಾಲ್ಕು ಕಾಳಿನ ಚಿಂತೆ ಬೇಡ. ಪೈಪರಿನ್ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಯಾರಾದರೂ ತಂದುಕೊಟ್ಟರೆ ಮಾತ್ರ ಬೇಡ ಅನ್ನಿ, ಅದರಿಂದಲೇ ಲಿವರ್ ಕೆಟ್ಟ ಉದಾಹರಣೆಗಳು ಅಮೆರಿಕದಲ್ಲಿ ದಾಖಲಾಗಿವೆ. ಪೌಷ್ಟಿಕ ಆಹಾರಕ್ಕೆ ಟಿ.ಬಿ. ರೋಗಿಗಳಿಗಿರುವ ಸರ್ಕಾರದ ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಬರಬೇಕು. ಖಾತೆಗೆ ಬಂದಿಲ್ಲದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮುಂದಿನ ಟೆಸ್ಟಿಗೆ ಹೋಗುವಾಗ ಈ ರಿಪೋರ್ಟನ್ನೂ ತೆಗೆದುಕೊಂಡು ಹೋಗಿ. ಆದಷ್ಟೂ ಅದೇ ಲ್ಯಾಬಿನಲ್ಲೇ ಮಾಡಿಸಿ. 96 ಏರಿದೆಯಾ ಇಳಿದಿದೆಯಾ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಡಾಕ್ಟರಿಗೆ ಮುಂದಿನದು ಹೇಳಲು ಸುಲಭ.