ಗ್ರೀನ್‌ವಿಲ್ ಡೌನ್‌ಟೌನಿಗೆ ಜೀವ ಬಂದದ್ದು ಹೊಸ ಹೋಟೆಲು, ಅಪಾರ್ಟ್‌ಮೆಂಟುಗಳಿಂದಲೇ? ಅಲ್ಲಿ ಮನೆ ಮಾಡಬಹುದೇ?

ಪ್ರಶ್ನೆ ಕೇಳಿದವರು: ಬೆಣ್ಣೆದೋಸೆ ಊರಿನವ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ಗೆ ನಾನು ಬಂದು ಎಂಟು ತಿಂಗಳಾಯಿತು. ಬೆಂಗಳೂರಿನಲ್ಲಿ ಗ್ಯಾಸ್ ಟರ್ಬೈನ್ ವಿನ್ಯಾಸದಲ್ಲಿದ್ದವನು ಅದೇ ಕೆಲಸದ ಮೇಲೆ ಇಲ್ಲಿನ ಕಾರ್ಖಾನೆಗೆ ವರ್ಗವಾಗಿ ಬಂದೆ. ಸದ್ಯ ವುಡ್ರಫ್ ರಸ್ತೆಯ ಕಡೆ ಬಾಡಿಗೆಗೆ ಇದ್ದೇನೆ. ಆ ರಸ್ತೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸಿಲ್ಕ್ ಬೋರ್ಡ್ ದಾಟಿ ಪಳಗಿದವನಿಗೂ ಸಂಜೆ ಐದರ ಮೇಲೆ ಅಲ್ಲಿ ತಾಳ್ಮೆ ಉಳಿಯುವುದಿಲ್ಲ.

ಬರುವ ವರ್ಷ ನನ್ನ ತಂದೆ ತಾಯಿ ದಾವಣಗೆರೆಯಿಂದ ಆರು ತಿಂಗಳ ಮಟ್ಟಿಗೆ ಬರುವವರಿದ್ದಾರೆ. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗಿನ ಸುತ್ತು ತಪ್ಪಿಸದ ಅಪ್ಪನನ್ನು ಕಾರಿಲ್ಲದೆ ಹಾಲಿನ ಅಂಗಡಿಗೂ ಹೋಗಲಾಗದ ಜಾಗದಲ್ಲಿ ಕೂರಿಸುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಆದ್ದರಿಂದ ಡೌನ್‌ಟೌನಿನ ಮೇನ್ ಸ್ಟ್ರೀಟ್ ಆಸುಪಾಸಿನ ಹೊಸ ಅಪಾರ್ಟ್‌ಮೆಂಟುಗಳನ್ನು ನೋಡುತ್ತಿದ್ದೇನೆ. ಬಾಡಿಗೆ ಈಗ ಕೊಡುತ್ತಿರುವುದಕ್ಕಿಂತ ಸಾಕಷ್ಟು ಹೆಚ್ಚು.

ಇನ್ನೊಂದು ಕುತೂಹಲವೂ ಇದೆ. 2020ರ ಜನಗಣತಿಯ ಪ್ರಕಾರ ನಗರದ ಮಿತಿಯೊಳಗೆ 70,000ಕ್ಕಿಂತ ತುಸು ಹೆಚ್ಚು ಜನರಿರುವ ಈ ಊರಿನ ನಡುಮಧ್ಯದಲ್ಲಿ ಇಷ್ಟೊಂದು ಹೋಟೆಲುಗಳು ನಿಂತಿರುವುದು ಹೇಗೆ? ಕಚೇರಿಯ ಹಿರಿಯ ಸಹೋದ್ಯೋಗಿಯೊಬ್ಬರು, ತಾವು ಚಿಕ್ಕವರಿದ್ದಾಗ ಸಂಜೆಯಾದ ಮೇಲೆ ಮೇನ್ ಸ್ಟ್ರೀಟಿನಲ್ಲಿ ನರಪಿಳ್ಳೆ ಕಾಣುತ್ತಿರಲಿಲ್ಲ ಎನ್ನುತ್ತಾರೆ. ಹೊಸ ಕಟ್ಟಡಗಳೇ ಈ ಬದಲಾವಣೆ ತಂದವೇ, ಅಥವಾ ಬದಲಾವಣೆಯನ್ನು ಕಂಡು ಕಟ್ಟಡಗಳು ಬಂದವೇ? ಇಲ್ಲಿ ಬಹಳ ವರ್ಷಗಳಿಂದ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ರೀಡಿ ನದಿಯ ದಂಡೆ

ನಾನು 1999ರಲ್ಲಿ ಇಲ್ಲಿಗೆ ಬಂದವನು. ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ಗೊತ್ತಾದರೆ ಮೊದಲನೆಯದಕ್ಕೆ ಉತ್ತರ ನಿಮಗೇ ಹೊಳೆಯಬಹುದು.

ಗ್ರೀನ್‌ವಿಲ್ ಮೂಲತಃ ಬಟ್ಟೆ ಗಿರಣಿಗಳ ಊರು. ನಮ್ಮ ಕಡೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದ ಹಾಗೆ ಈ ಊರು ತನ್ನನ್ನು ಜಗತ್ತಿನ ಜವಳಿ ರಾಜಧಾನಿ ಎಂದು ಕರೆದುಕೊಳ್ಳುತ್ತಿತ್ತು, ಹಾಗಾಗಿ ಇದರ ಮುಂದಿನ ಕಥೆಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿರಣಿಗಳು ಒಂದೊಂದಾಗಿ ಕೈಚೆಲ್ಲಿದವು. ಅದರ ಜೊತೆಗೆ 1968ರಲ್ಲಿ ಮೆಕಾಲಿಸ್ಟರ್ ಸ್ಕ್ವೇರ್, 1980ರಲ್ಲಿ ಹೇವುಡ್ ಮಾಲ್ ತೆರೆದು, ಮೇನ್ ಸ್ಟ್ರೀಟಿನ ದೊಡ್ಡ ಅಂಗಡಿಗಳೆಲ್ಲ ಕಾರು ನಿಲ್ಲಿಸಲು ವಿಶಾಲ ಜಾಗವಿದ್ದ ಕಡೆಗೆ ಹೊರಟುಹೋದವು. ನಿಮ್ಮ ಸಹೋದ್ಯೋಗಿ ಹೇಳಿದ ಖಾಲಿ ಬೀದಿ ಆ ಕಾಲದ್ದು.

ತಿರುವು ಕೊಟ್ಟವರೆಂದು ಇಲ್ಲಿನವರು ಮೊದಲು ನೆನೆಯುವುದು ಮ್ಯಾಕ್ಸ್ ಹೆಲ್ಲರ್ ಅವರನ್ನು. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಈ ಊರಿಗೆ ಬಂದು, ಶರ್ಟ್ ಕಾರ್ಖಾನೆಯೊಂದರಲ್ಲಿ ಕೆಳಗಿನ ಕೆಲಸದಿಂದ ಶುರುಮಾಡಿ, ಮುಂದೆ ಸ್ವಂತ ಕಾರ್ಖಾನೆ ಕಟ್ಟಿ, 1971ರಿಂದ 1979ರವರೆಗೆ ಮೇಯರ್ ಆಗಿದ್ದವರು. ಅವರ ಕಾಲದಲ್ಲಿ, ಲಾರೆನ್ಸ್ ಹಾಲ್ಪ್ರಿನ್ ಅವರ ಸಂಸ್ಥೆ ಮಾಡಿದ ಯೋಜನೆಯಂತೆ, ನಾಲ್ಕು ಪಥಗಳಿದ್ದ ಮೇನ್ ಸ್ಟ್ರೀಟನ್ನು ಎರಡಕ್ಕೆ ಇಳಿಸಿ, ಉಳಿದ ಜಾಗದಲ್ಲಿ ಅಗಲವಾದ ಕಾಲುದಾರಿ ಮಾಡಿ ಮರ ನೆಟ್ಟರು. ವಾಹನ ಸರಾಗವಾಗಿ ಓಡಬೇಕೆಂದು ಎಲ್ಲ ಊರುಗಳೂ ಮರ ಕಡಿದು ರಸ್ತೆ ಅಗಲ ಮಾಡುತ್ತಿದ್ದ ಕಾಲದಲ್ಲಿ ಈ ಊರು ರಸ್ತೆಯನ್ನು ಕಿರಿದು ಮಾಡಿತು. ಇಂದು ಬೇಸಿಗೆಯಲ್ಲಿ ನೀವು ತಲೆಯ ಮೇಲೆ ನೆರಳು ಹೊತ್ತು ನಡೆಯುತ್ತೀರಲ್ಲ, ಅದು ಆಗ ನೆಟ್ಟ ಸಸಿಗಳ ನೆರಳು.

ಈಗ ಹೋಟೆಲಿನ ವಿಷಯ. ಬೀದಿಯ ಉತ್ತರದ ತುದಿಯಲ್ಲಿ 1982ರಲ್ಲಿ ಹಯಾಟ್ ರೀಜೆನ್ಸಿ ತೆರೆಯಿತು. ಇಷ್ಟು ಸಣ್ಣ ಊರಿಗೆ, ಅದೂ ಜನ ಬಿಟ್ಟುಹೋಗುತ್ತಿದ್ದ ಬೀದಿಗೆ, ಅಂಥ ಹೋಟೆಲು ತಾನಾಗಿ ಬರುವಂತಿರಲಿಲ್ಲ. ನಗರಸಭೆ ಮತ್ತು ಕೇಂದ್ರ ಸರ್ಕಾರದ ಹಣ ಸೇರಿದ್ದರಿಂದಲೇ ಅದು ನಿಂತಿತು, ಮತ್ತು ಅದರ ಒಳಗಿನ ಎತ್ತರದ ಅಂಗಳವನ್ನು ಸಾರ್ವಜನಿಕರ ಉದ್ಯಾನವೆಂದೇ ಯೋಜಿಸಲಾಗಿತ್ತು. ದಕ್ಷಿಣದ ಕಡೆ ಇನ್ನೊಂದು ಹೋಟೆಲು, 1925ರ ಹನ್ನೆರಡು ಅಂತಸ್ತಿನ ಪಾಯಿನ್ಸೆಟ್. ಅದು 1975ರಲ್ಲಿ ಹೋಟೆಲಾಗಿ ಮುಚ್ಚಿ, ಸ್ವಲ್ಪ ಕಾಲ ವೃದ್ಧರ ವಸತಿಯಾಗಿ, ಆಮೇಲೆ ವರ್ಷಗಟ್ಟಲೆ ಪಾಳುಬಿದ್ದಿತ್ತು. ನಾನು ಬಂದ ವರ್ಷ ಅದರ ದುರಸ್ತಿ ನಡೆಯುತ್ತಿತ್ತು. 2000ದಲ್ಲಿ ಮತ್ತೆ ತೆರೆಯಿತು. (ನಮ್ಮ ಬೆಂಗಳೂರಿನ ಕಾಂಪೌಂಡುಗಳಲ್ಲಿ ಚಳಿಗಾಲಕ್ಕೆ ಎಲೆಯೇ ಕೆಂಪಾಗುವ ಪಾಯಿನ್ಸೆಟಿಯಾ ಗಿಡಕ್ಕೂ ಈ ಹೋಟೆಲಿಗೂ ಒಬ್ಬರದೇ ಹೆಸರು: ಮೆಕ್ಸಿಕೋದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೋಯೆಲ್ ಪಾಯಿನ್ಸೆಟ್.) ಈ ಎರಡು ಹೋಟೆಲುಗಳ ನಡುವಿನ ಬೀದಿಯಲ್ಲಿ ಅಲ್ಲಲ್ಲಿ ಒಂಬತ್ತು ಕಂಚಿನ ಇಲಿಗಳನ್ನು ಅಡಗಿಸಿಟ್ಟಿದ್ದಾರೆ. ಶಾಲಾ ಹುಡುಗನೊಬ್ಬನ ಕಲ್ಪನೆ ಅದು. ನನ್ನ ಮಕ್ಕಳು ಅವನ್ನು ಹುಡುಕುತ್ತ ಹುಡುಕುತ್ತ, ತಾವು ಅರ್ಧ ಮೈಲಿ ನಡೆದಿದ್ದೇವೆಂಬುದನ್ನೇ ಮರೆಯುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕಣ್ಣಾರೆ ಕಂಡೆ. ನಾನು ಬಂದಾಗ ರೀಡಿ ನದಿಯ ಜಲಪಾತದ ಮೇಲೆಯೇ ಕ್ಯಾಂಪರ್‌ಡೌನ್ ಎಂಬ ನಾಲ್ಕು ಪಥದ ಕಾಂಕ್ರೀಟ್ ಸೇತುವೆ ಇತ್ತು. ಊರು ಹುಟ್ಟಿದ್ದೇ ಆ ಜಲಪಾತದ ಬಳಿ, ಆದರೆ ಅದನ್ನು ನೋಡಬೇಕಾದರೆ ಸೇತುವೆಯ ಕೆಳಗೆ ಇಳಿಯಬೇಕಿತ್ತು. ಸೇತುವೆಯಿಂದ ಕಾರಿನಲ್ಲಿ ಹೋಗುವವರಿಗೆ ಕೆಳಗೆ ನೀರಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಚೆನ್ನಾಗಿ ಬಳಕೆಯಲ್ಲಿದ್ದ ಆ ಸೇತುವೆಯನ್ನು ಒಡೆಯುವುದೆಂದಾಗ ಊರಿನಲ್ಲಿ ದೊಡ್ಡ ವಾದವೇ ನಡೆಯಿತು. ನಾನೂ ವಿರೋಧಿಸಿದವರ ಪೈಕಿ, ಇಂದು ಹೇಳಿಕೊಳ್ಳಲು ನಾಚಿಕೆ. 2004ರಲ್ಲಿ ಅದೇ ಜಾಗದಲ್ಲಿ ಫಾಲ್ಸ್ ಪಾರ್ಕ್ ಮತ್ತು ಬಾಗಿದ ತೂಗುಸೇತುವೆಯಾದ ಲಿಬರ್ಟಿ ಬ್ರಿಡ್ಜ್ ತೆರೆದವು. ನದಿಯ ದಂಡೆಯ ಕಟ್ಟಡಗಳೂ, 2006ರ ಬೇಸ್‌ಬಾಲ್ ಮೈದಾನ ಫ್ಲೂರ್ ಫೀಲ್ಡೂ, ಈಗ ನೀವು ನೋಡುತ್ತಿರುವ ಅಪಾರ್ಟ್‌ಮೆಂಟುಗಳ ಸಾಲೂ ಬಂದದ್ದು ಇದರ ನಂತರ.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: 1982ರ ಹೋಟೆಲು ಬಿತ್ತನೆಯಾದರೆ ಈಗಿನವು ಸುಗ್ಗಿ. ಬಿತ್ತುವ ಕಾಲದಲ್ಲಿ ಖಾಸಗಿಯವರು ಕೈಕಟ್ಟಿ ನಿಂತಿದ್ದರು, ಹಣ ಸುರಿದದ್ದು ಸಾರ್ವಜನಿಕರ ಬೊಕ್ಕಸ.

ಉತ್ತರ 2: ಗಾರೆ ಮೇಸ್ತ್ರಿ

ನಾನು ಸ್ಟ್ರಕ್ಚರಲ್ ಎಂಜಿನಿಯರ್, ಹೆಸರು ತಮಾಷೆಗೆ. ರೀಡಿ ನದಿಯ ದಂಡೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು. ಹೋಟೆಲು ಬೇರೆ, ಅಪಾರ್ಟ್‌ಮೆಂಟು ಬೇರೆ. ಎರಡೂ ಊರಿಗೆ ಮಾಡುವ ಉಪಕಾರ ಒಂದೇ ಬಗೆಯದಲ್ಲ. ಹೋಟೆಲಿನ ಅತಿಥಿ ಮೂರು ಹೊತ್ತೂ ಹೊರಗೆ ಉಣ್ಣುತ್ತಾನೆ. ಇಲ್ಲಿ ಕೋಣೆಯ ಬಾಡಿಗೆಯ ಮೇಲೆಯೂ, ರೆಸ್ಟೋರೆಂಟಿನ ಊಟದ ಮೇಲೆಯೂ ತೆರಿಗೆಯಿದ್ದು, ಆ ಎರಡೂ ತೆರಿಗೆಗಳ ಹಣವನ್ನು ಪ್ರವಾಸಿಗರಿಗೆ ಸಂಬಂಧಪಟ್ಟ ಕೆಲಸಗಳಿಗೆ ಬಳಸಬೇಕೆಂಬ ನಿಯಮವಿದೆ. ಫಾಲ್ಸ್ ಪಾರ್ಕಿಗೆ ಹಣ ಬಂದ ದಾರಿ ಅದೇ. ಅಪಾರ್ಟ್‌ಮೆಂಟಿನವನು ಮನೆಯಲ್ಲೇ ಅಡುಗೆ ಮಾಡಿಕೊಂಡರೂ, ಸೋಮವಾರ ಮಳೆಯಲ್ಲಿ ನಾಯಿ ಹಿಡಿದು ಬೀದಿಗೆ ಇಳಿಯುವವನು ಅವನೇ. ವಾರಾಂತ್ಯದ ಗದ್ದಲವನ್ನು ಹೋಟೆಲು ಕೊಡುತ್ತದೆ, ವಾರದ ದಿನಗಳ ಜೀವವನ್ನು ಕೊಡುವವರು ನಿವಾಸಿಗಳು.

ಭಾರತೀಯರಿಗೆ ಸ್ವಾರಸ್ಯದ ಸಂಗತಿಯೊಂದಿದೆ. ಮೊದಲು ಜೆಎಚ್ಎಂ ಹೋಟೆಲ್ಸ್ ಎಂದಿದ್ದು ಈಗ ಆರೋ ಹೋಟೆಲ್ಸ್ ಎಂದು ಕರೆಸಿಕೊಳ್ಳುವ ಗುಜರಾತಿ ಮೂಲದ ಕುಟುಂಬದ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಇದೇ ಗ್ರೀನ್‌ವಿಲ್‌ನಲ್ಲಿ. ಕ್ಯಾಂಪರ್‌ಡೌನ್ ಎಂಬ ಹೊಸ ಸಮುಚ್ಚಯದಲ್ಲಿರುವ, ‘ಎಸಿ’ ಎಂಬ ಬ್ರಾಂಡಿನ ಹೋಟೆಲು ಅವರದೇ. ಆ ಜಾಗದಲ್ಲಿ ಮೊದಲು ಸ್ಥಳೀಯ ಪತ್ರಿಕೆ ಗ್ರೀನ್‌ವಿಲ್ ನ್ಯೂಸ್‌ನ ಕಟ್ಟಡವಿತ್ತು. ಹೆದ್ದಾರಿ ಬದಿಯ ಮೋಟೆಲುಗಳಿಂದ ಶುರುಮಾಡಿದ ಸಮುದಾಯವೊಂದು ಊರಿನ ನಟ್ಟನಡುವಿಗೆ ಬಂದು ಕುಳಿತಿರುವುದು ಸಣ್ಣ ಮಾತಲ್ಲ.

ಇನ್ನು ನಿಮ್ಮ ಮನೆಯ ವಿಷಯ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬಹುಪಾಲು ಕೆಳಗೆ ಒಂದೆರಡು ಅಂತಸ್ತು ಕಾಂಕ್ರೀಟು, ಅದರ ಮೇಲೆ ನಾಲ್ಕೈದು ಅಂತಸ್ತು ಮರದ ಚೌಕಟ್ಟು. ಹೊರಗಿನ ಇಟ್ಟಿಗೆ ನೋಡಿ ಮೋಸಹೋಗಬೇಡಿ, ಅದು ಹೊದಿಕೆ ಮಾತ್ರ. ಬೆಂಕಿ, ಗಾಳಿಗೆ ಸಂಬಂಧಿಸಿದ ನಿಯಮಗಳ ಪ್ರಕಾರವೇ ಕಟ್ಟಿರುವುದರಿಂದ ಭಯಪಡಬೇಕಾಗಿಲ್ಲ, ಆದರೆ ಮರದ ನೆಲ ಸದ್ದನ್ನು ದಾಟಿಸುತ್ತದೆ. ನಾನು ಎರಡು ವರ್ಷ ಇದ್ದ ಕಟ್ಟಡವೊಂದರಲ್ಲಿ ನಮ್ಮ ಕುಕ್ಕರಿನ ಮೂರನೆಯ ಸೀಟಿಗೆ ಕೆಳಗಿನ ಮನೆಯವರು ಆಫೀಸಿಗೆ ಫೋನ್ ಮಾಡುತ್ತಿದ್ದರು. ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಗೆ ಬಿಡದೆ ಸೋಸಿ ಮನೆಯೊಳಕ್ಕೇ ವಾಪಸು ಬಿಡುತ್ತಿತ್ತಾದ್ದರಿಂದ, ಅಮ್ಮ ಒಗ್ಗರಣೆಗೆ ಬ್ಯಾಡಗಿ ಮೆಣಸಿನಕಾಯಿ ಹಾಕಿದ ದಿನ ಹೊಗೆಯ ಅಲಾರಂ ಕೂಗಿ, ಅಪ್ಪ ಟವೆಲ್ ಬೀಸುತ್ತ ನಿಂತಿದ್ದರು. ಮೂರು ಬಾರಿ ಬರೆದುಕೊಟ್ಟರೂ ನಿರ್ವಹಣೆಯವರು ಅದರ ಫಿಲ್ಟರನ್ನೂ ಬದಲಿಸಲಿಲ್ಲ. ಮನೆ ನೋಡಲು ಹೋದಾಗ ಹುಡ್ಡಿನ ಗಾಳಿ ಎಲ್ಲಿಗೆ ಹೋಗುತ್ತದೆಂದು ಕೇಳಿ, ಸಾಧ್ಯವಾದರೆ ಕೊನೆಯ ಅಂತಸ್ತು ಹಿಡಿಯಿರಿ. ಪಾರ್ಕಿಂಗಿಗೆ, ನೀರಿಗೆ, ಕಸಕ್ಕೆ ಬೇರೆ ಬೇರೆ ಶುಲ್ಕ ಸೇರಿಸಿ ಒಟ್ಟು ಎಷ್ಟೆಂದು ಬರಹದಲ್ಲಿ ಪಡೆಯಿರಿ.

ಉತ್ತರ 3: ಮಲೆನಾಡ ಗುಬ್ಬಚ್ಚಿ

ಮೇಲಿನ ಇಬ್ಬರೂ ಬರೆದದ್ದು ಸರಿಯಾಗಿದೆ, ಆದರೆ ಇಬ್ಬರೂ ಮೇನ್ ಸ್ಟ್ರೀಟಿನಲ್ಲೇ ನಿಂತು ಮಾತಾಡಿದ್ದಾರೆ. ಅಲ್ಲಿಂದ ಪಶ್ಚಿಮಕ್ಕೆ ಒಂದು ಮೈಲಿ ನಡೆದರೆ ಸದರ್ನ್‌ಸೈಡ್ ಎಂಬ ಬಡಾವಣೆ ಸಿಗುತ್ತದೆ. ತಲೆಮಾರುಗಳಿಂದ ಕಪ್ಪು ಜನರು ಬಾಳಿದ ಕೇರಿ ಅದು. ನಾನು ಕೆಲವು ವರ್ಷಗಳಿಂದ ಅಲ್ಲಿ ಶನಿವಾರ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮೊದಲ ವರ್ಷ ನನ್ನ ಬಳಿ ಬರುತ್ತಿದ್ದ ಹನ್ನೊಂದು ಮಕ್ಕಳ ಪೈಕಿ ಈಗ ಅದೇ ಕೇರಿಯಲ್ಲಿ ಉಳಿದಿರುವ ಮನೆಗಳು ಮೂರು. ಒಬ್ಬಳು ಹುಡುಗಿಯ ಅಜ್ಜಿ ಡೌನ್‌ಟೌನಿನ ಹೋಟೆಲೊಂದರಲ್ಲಿ ಕೋಣೆ ಶುಚಿ ಮಾಡುವ ಕೆಲಸಕ್ಕೆ ಹೋಗುತ್ತಾರೆ. ಮೊದಲು ನಡೆದು ಹೋಗುತ್ತಿದ್ದವರು ಬಾಡಿಗೆ ಏರಿದ್ದರಿಂದ ದೂರಕ್ಕೆ ಸರಿದು, ಈಗ ಎರಡು ಬಸ್ ಹಿಡಿಯುತ್ತಾರೆ.

ಇದು ಒಂದು ಮನೆಯ ಕಥೆಯಲ್ಲ. 2000ದ ಜನಗಣತಿಯಲ್ಲಿ ನಗರದ ಜನರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಜನರಿದ್ದರು. 2020ರ ಹೊತ್ತಿಗೆ ಅದು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. 2022ರಲ್ಲಿ ಆ ಕೇರಿಯ ಪಕ್ಕದಲ್ಲೇ, ನದಿಯ ದಂಡೆಯಲ್ಲಿ, 60 ಎಕರೆಯ ಯೂನಿಟಿ ಪಾರ್ಕ್ ತೆರೆಯಿತು. ಬಿಳಿಯರ ಪಾರ್ಕುಗಳಿಗೆ ಪ್ರವೇಶವಿಲ್ಲದ ಕಾಲದಲ್ಲಿ ಕಪ್ಪು ಮಕ್ಕಳಿಗಾಗಿದ್ದ ಮೇಬೆರಿ ಪಾರ್ಕ್ ಆ ಜಾಗದ ಒಂದು ಭಾಗ. ಹೊಸ ಉದ್ಯಾನ ನಿಜಕ್ಕೂ ಸುಂದರವಾಗಿದೆ, ಅದರ ಸುತ್ತ ಕಡಿಮೆ ಬಾಡಿಗೆಯ ಮನೆಗಳಿಗೆಂದು ನಗರಸಭೆ ಜಮೀನು ತೆಗೆದಿಟ್ಟಿರುವುದೂ ಒಳ್ಳೆಯದೇ. ಆದರೆ ಫಾಲ್ಸ್ ಪಾರ್ಕ್ ತೆರೆದಾಗಲೇ ಹೀಗೆ ಜಮೀನು ತೆಗೆದಿಟ್ಟಿದ್ದರೆ ನನ್ನ ತರಗತಿಯಲ್ಲಿ ಇನ್ನಷ್ಟು ಮಕ್ಕಳು ಇರುತ್ತಿದ್ದರು. ಬೆಲೆ ಏರಿದ ಮೇಲೆ ಜಮೀನು ಹುಡುಕುವುದು ಮಳೆ ಬಂದ ಮೇಲೆ ಮಾಡು ಹೊದಿಸಿದ ಹಾಗೆ.

ಉತ್ತರ 4: ರೀಡಿ ನದಿಯ ದಂಡೆ

ಗುಬ್ಬಚ್ಚಿಯವರ ಮಾತನ್ನು ಒಪ್ಪುತ್ತೇನೆ. ಬಿತ್ತನೆ, ಸುಗ್ಗಿ ಎಂದು ಬರೆದವನು ನಾನು. ಸುಗ್ಗಿಯಲ್ಲಿ ಯಾರ ಪಾಲು ಎಷ್ಟೆಂದು ಬರೆಯಲಿಲ್ಲ. ಆದರೂ ಒಂದು ಭಿನ್ನಾಭಿಪ್ರಾಯವಿದೆ. ಡೌನ್‌ಟೌನಿನಲ್ಲಿ ಅಪಾರ್ಟ್‌ಮೆಂಟು ಕಟ್ಟುವುದನ್ನು ನಿಲ್ಲಿಸಿದರೆ ಬಾಡಿಗೆ ಕೊಡಬಲ್ಲವರು ಊರು ಬಿಟ್ಟು ಹೋಗುವುದಿಲ್ಲ; ಅವರು ಸದರ್ನ್‌ಸೈಡಿನ ಹಳೆಯ ಮನೆಗಳನ್ನೇ ಕೊಂಡು, ಕೆಡವಿ, ದೊಡ್ಡದಾಗಿ ಕಟ್ಟುತ್ತಾರೆ. ನನ್ನ ಬೀದಿಯ ಕೊನೆಯಲ್ಲೇ ಅಂಥವು ಎರಡಿವೆ. ಹಾಗಾಗಿ ಕಟ್ಟಬೇಕು, ಆದರೆ ನಗರಸಭೆ ತನ್ನ ಜಮೀನು ಕೊಡುವಾಗ ಷರತ್ತನ್ನು ಮೊದಲೇ ಹಾಕಬೇಕು.

ಪ್ರಶ್ನೆ ಕೇಳಿದವರ ಮರುಮಾತು: ಬೆಣ್ಣೆದೋಸೆ ಊರಿನವ

ಎಲ್ಲರಿಗೂ ಧನ್ಯವಾದಗಳು. ಕಳೆದ ಶನಿವಾರ ಬೆಳಗ್ಗೆ ಮೇನ್ ಸ್ಟ್ರೀಟಿನ ರೈತರ ಸಂತೆಗೆ ಹೋಗಿ, ಅಲ್ಲಿಂದ ಲಿಬರ್ಟಿ ಬ್ರಿಡ್ಜ್ ದಾಟಿ, ನದಿಯ ದಂಡೆಯ ಸ್ವಾಂಪ್ ರ‍್ಯಾಬಿಟ್ ದಾರಿಯಲ್ಲಿ ಯೂನಿಟಿ ಪಾರ್ಕಿನವರೆಗೆ ನಡೆದೆ. ಆ ದಾರಿಯ ಹೆಚ್ಚಿನ ಭಾಗ ಹಳೆಯ ರೈಲು ಹಳಿಯ ಜಾಗದಲ್ಲಿರುವುದರಿಂದ ಏರಿಳಿತವಿಲ್ಲ, ಅಪ್ಪನ ಮೊಣಕಾಲಿಗೆ ಹೊಂದುತ್ತದೆ. ದೇವಸ್ಥಾನಕ್ಕೆ ಮಾತ್ರ ಮಾಲ್ಡಿನ್‌ವರೆಗೆ ನಾನೇ ಕಾರಿನಲ್ಲಿ ಕರೆದೊಯ್ಯಬೇಕಾಗುತ್ತದೆ.

ಎರಡು ಮನೆ ನೋಡಿ ಬಂದೆ. ಒಂದರಲ್ಲಿ ಹುಡ್ಡಿನ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ತೋರಿಸಲು ಬಂದಿದ್ದ ಯುವತಿ ಆ ಪ್ರಶ್ನೆಯನ್ನು ತನಗೆ ಯಾರೂ ಕೇಳಿರಲಿಲ್ಲ ಎಂದಳು. ಇನ್ನೊಂದು ಯೂನಿಟಿ ಪಾರ್ಕಿನ ಹತ್ತಿರದ ಹಳೆಯ ಎರಡಂತಸ್ತಿನ ಕಟ್ಟಡ. ಬಾಡಿಗೆ ಕಡಿಮೆ, ಅಡುಗೆಮನೆಗೆ ಕಿಟಕಿಯೂ ಇದೆ. ಆದರೆ ಈಗ ಇರುವ ಕುಟುಂಬವನ್ನು ಮುಂದಿನ ತಿಂಗಳು ಬಿಡಿಸುತ್ತಾರೆಂದು ಮಾಲೀಕರು ಹೇಳಿದರು. ಅವರು ಯಾಕೆ ಬಿಡುತ್ತಿದ್ದಾರೆಂದು ಕೇಳಿದ್ದೇನೆ. ಉತ್ತರ ಬಂದ ಮೇಲೆ ಮುಂಗಡ ಕೊಡುವ ವಿಚಾರ ಮಾಡುತ್ತೇನೆ.